ಬೆನ್ನುಡಿ ಓದುಗರ ಬಳಗ

ಈ ತಿಂಗಳು ಆರು ಪುಸ್ತಕಗಳ ಬಗ್ಗೆ ಅಭಿಪ್ರಾಯ ಬರೆದೆ. ಅದರಲ್ಲಿ ಎರಡನ್ನು ತೆರೆದೂ ನೋಡಿದ್ದೆ. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ನಮ್ಮ ಬಳಗದಲ್ಲಿ ಎರಡು ಅಂದರೆ ಜಾಸ್ತಿನೇ.

ಕೆಲಸ ಸುಲಭ. ಪುಸ್ತಕವನ್ನು ಕಿಟಕಿ ಹತ್ತಿರ ಇಡಬೇಕು. ಪಕ್ಕದಲ್ಲಿ ಕಾಫಿ. ಇಂಗ್ಲಿಷ್ ಪುಸ್ತಕವಾದರೆ ಪಿಂಗಾಣಿ ಕಪ್ಪು, ಕನ್ನಡದ್ದಾದರೆ ಸ್ಟೀಲ್ ಲೋಟ. ಫೋಟೋ ತೆಗೆದು ‘ಕಾಡುವ ಓದು’ ಅಂತ ಹಾಕಿದರೆ ಮುಗೀತು. ಸುಳ್ಳೇನಲ್ಲ, ಓದದೇ ಬಿಟ್ಟ ಪುಸ್ತಕ ಕಾಡುತ್ತಲೇ ಇರುತ್ತದೆ. ‘ಓದಿಸಿಕೊಂಡು ಹೋಗುತ್ತದೆ’ ಅಂತಲೂ ಬರೆಯಬಹುದು. ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅಟ್ಟಕ್ಕೆ ಹೋಗುತ್ತದೆ.

ಈ ವಿದ್ಯೆಯಲ್ಲಿ ನಮ್ಮ ಭಾವನವರನ್ನು ಮೀರಿಸಿದವರಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತಲ್ಲ, ಮಾರನೇ ದಿನ ಬೆಳಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಭಾವನವರ ಮೆಸೇಜು: ‘ಅದ್ಭುತ ಕಾದಂಬರಿ. ಕನ್ನಡದಲ್ಲಿ ಬಂದಾಗಲೇ ಓದಿದ್ದೆ. ಇಂಗ್ಲಿಷಿನಲ್ಲಿ ಆ ಸೊಗಸಿಲ್ಲ.’ ಮೂರೇ ವಾಕ್ಯ. ಆದರೆ ‘ಹಾರ್ಟ್ ಲ್ಯಾಂಪ್’ ಕಾದಂಬರಿಯೇ ಅಲ್ಲ, ಹನ್ನೆರಡು ಕತೆಗಳ ಸಂಕಲನ. ಆ ಕತೆಗಳನ್ನು ಬಾನು ಅವರ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆರಿಸಿ ಇಂಗ್ಲಿಷಿಗೆ ಅನುವಾದ ಮಾಡಿದವರು ದೀಪಾ ಭಾಸ್ತಿ. ಅಂದರೆ ಅವರು ಆರಿಸುವ ತನಕ ಹಾಗೊಂದು ಪುಸ್ತಕ ಕನ್ನಡದಲ್ಲಿ ಇರಲೇ ಇಲ್ಲ! ಇರೋ ಪುಸ್ತಕ ಯಾರು ಬೇಕಾದರೂ ಓದುತ್ತಾರೆ, ಇಲ್ಲದ್ದನ್ನು ಓದಿ, ಅದಕ್ಕಿಂತ ಅನುವಾದ ಸಪ್ಪೆ ಅನ್ನುವುದಕ್ಕೆ ಎದೆಗಾರಿಕೆ ಬೇಕು. ಗ್ರೂಪಿನಲ್ಲಿ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು. ಅದರಲ್ಲಿ ನನ್ನದೂ ಒಂದು.

ಆಮೇಲೆ ನಾಚಿಕೆಯಾಗಿ ಪುಸ್ತಕ ತರಿಸಿ ಒಂದು ಕತೆ ನಿಜವಾಗಿಯೂ ಓದಿದೆ. ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆ ತಾಳಲಾರದೆ, ಇವರಿಗೆಲ್ಲ ಖತ್ನಾ (ಸುನ್ನತಿ) ಮಾಡಿಸಿದರೆ ಸ್ವಲ್ಪ ದಿನವಾದರೂ ಸುಮ್ನೆ ಮಲಗಿರುತ್ತಾರೆ ಅಂತ ಉಪಾಯ ಮಾಡುವ ಹೆಂಗಸಿನ ಕತೆ. ನಕ್ಕೆ. ಡಾಕ್ಟರ ಕೈಯಲ್ಲಿ ಮಾಡಿಸಿಕೊಂಡ ಸಾಹುಕಾರರ ಹುಡುಗನ ಗಾಯ ಕೀವಾಗುತ್ತದೆ, ಬೂದಿ ಹಚ್ಚಿಸಿಕೊಂಡ ಬಡವರ ಹುಡುಗ ಕುಣಿದಾಡುತ್ತಾನೆ. ಅಲ್ಲಿಗೆ ಬರುವ ಹೊತ್ತಿಗೆ ನಗು ಗಂಟಲಲ್ಲೇ ನಿಂತಿತ್ತು. ಇದನ್ನು ಗ್ರೂಪಿನಲ್ಲಿ ಬರೆದೆ. ಒಬ್ಬರೂ ಹೆಬ್ಬೆರಳು ಎತ್ತಲಿಲ್ಲ. ಕತೆ ಓದಿಯೇಬಿಟ್ಟಿದ್ದಾನೆ ಅಂತ ಬೇಜಾರಾಗಿರಬೇಕು.

ಕತೆಯಲ್ಲದ ಪುಸ್ತಕಗಳಲ್ಲಿ ನನ್ನದು ಮನುಷ್ಯರ ಚರಿತ್ರೆ ಹೇಳುವ ‘ಸೇಪಿಯನ್ಸ್’. ಆರು ವರ್ಷದಿಂದ ಓದುತ್ತಿದ್ದೇನೆ. ಇನ್ನೂ ಬೇಟೆಯಾಡಿಕೊಂಡು ಗೆಡ್ಡೆಗೆಣಸು ತಿನ್ನುತ್ತಿದ್ದೇವೆ, ಬೇಸಾಯ ಶುರುವಾಗಿಲ್ಲ. ಆದರೂ ಮನುಕುಲದ ಭವಿಷ್ಯದ ಬಗ್ಗೆ ಎರಡು ಮದುವೆ ಮನೆ, ಒಂದು ಗೃಹಪ್ರವೇಶದಲ್ಲಿ ಮಾತಾಡಿದ್ದೇನೆ.

ಅದನ್ನು ಕೇಳಿಸಿಕೊಂಡ ಪುಣ್ಯಾತ್ಮರೊಬ್ಬರು ಮುಂದಿನ ಭಾನುವಾರ ತಮ್ಮ ಪುಸ್ತಕ ಬಿಡುಗಡೆಗೆ ನನ್ನನ್ನೇ ಕರೆದಿದ್ದಾರೆ. ‘ಪೂರ್ತಿ ಓದಲು ಸಮಯ ಸಿಗಲಿಲ್ಲ, ಆದರೂ ಎರಡು ಮಾತು’ ಅಂತ ಶುರುಮಾಡಿ ಮುಕ್ಕಾಲು ಗಂಟೆ ಮಾತಾಡುವವರನ್ನು ಎಷ್ಟೋ ಸಲ ಉಪ್ಪಿಟ್ಟಿನ ಆಸೆಗೆ ಸಹಿಸಿಕೊಂಡಿದ್ದೆ. ಈಗ ನನ್ನ ಸರದಿ. ಪುಸ್ತಕವೂ ಬಂದಿದೆ. ಮೇಲೆ ಸುತ್ತಿದ ಪ್ಲಾಸ್ಟಿಕ್ ತೆಗೆದಿಲ್ಲ, ಬೆನ್ನುಡಿ ಹಾಗೇ ಕಾಣಿಸುತ್ತದೆ. ಆದರೆ ಅದರಿಂದ ಕತೆ ಏನು ಅಂತ ಗೊತ್ತಾಗಲಿಲ್ಲ, ಬೆನ್ನುಡಿ ಬರೆದವರಿಗೇ ಫೋನ್ ಮಾಡಿದೆ. ಅವರು ಮುನ್ನುಡಿ ನೋಡಿಕೊಂಡು ಬರೆದರಂತೆ.

ಮುನ್ನುಡಿ ಬರೆದವರು ಫೋನ್ ಎತ್ತುತ್ತಿಲ್ಲ.