ಒಳಗಿನ ಕ್ಯೂಗೆ ಲಾಕ್ ಇದ್ದರೆ ಸಾಲದು

ಪ್ರೋಗ್ರಾಮಿನ ಕ್ಯೂ (ಮೊದಲು ಬಂದದ್ದು ಮೊದಲು ಹೋಗುವ ಸರದಿ) ಥ್ರೆಡ್‌ಸೇಫ್ ಆದ ಮಾತ್ರಕ್ಕೆ, ಅಂದರೆ ಏಕಕಾಲದಲ್ಲಿ ಓಡುವ ಹಲವು ಥ್ರೆಡ್‌ಗಳು ಬಳಸಿದರೂ ಕೆಡದಂತಿದ್ದ ಮಾತ್ರಕ್ಕೆ, ಅಂಥ ಕ್ಯೂಗಳನ್ನು ಸಾಲಾಗಿ ಒಳಗಿಟ್ಟುಕೊಂಡ ಅರೇ ಥ್ರೆಡ್‌ಸೇಫ್ ಆಗುವುದಿಲ್ಲ. ಇದನ್ನು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುವುದೇ ಇಲ್ಲವೇ?

ಇಂದು ಹಾಸನದ ಕಾಲೇಜೊಂದರಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ನೋಡಿ ಬಂದೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಬರುವ ಲೋಡುಗಳನ್ನು ಎಸ್ಟೇಟಿಗೊಂದು ಕ್ಯೂನಂತೆ ಹಿಡಿದಿಡುವ ಸಿ ಪ್ರೋಗ್ರಾಂ. ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ ಎಂಬ ವಿಂಗಡಣೆಯೂ ಇತ್ತು. ಸಕಲೇಶಪುರ ಕಡೆಯ ಮಕ್ಕಳು, ಕಂಡದ್ದನ್ನೇ ಬರೆದಿದ್ದರು. ಓದಿ ಖುಷಿಯಾಯಿತು.

"ಹೊಸ ಎಸ್ಟೇಟ್ ಸೇರಿದರೆ?" ಎಂದೆ. ತಂಡದ ಹುಡುಗಿಯೊಬ್ಬಳು ರೀಅಲಾಕ್ (ಅರೇಯನ್ನು ಹಿಗ್ಗಿಸುವ, ಬೇಕಾದರೆ ಬೇರೆ ಜಾಗಕ್ಕೆ ಸರಿಸುವ ಸಿ ಫಂಕ್ಷನ್) ಇರುವ ಸಾಲು ತೋರಿಸಿದಳು. ಅಲ್ಲಿಯೇ ಇತ್ತು ಅಪಾಯ. ಅರೇ ಬೇರೆ ಜಾಗಕ್ಕೆ ಸರಿದರೆ ಪ್ರತಿ ಕ್ಯೂನೊಳಗಿನ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಲಾಕ್) ಕೂಡ ಬೈಟ್ ಬೈಟಾಗಿ ನಕಲಾಗುತ್ತದೆ. ಸಾಮಾನ್ಯ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದು 40 ಬೈಟು. ನಕಲಾದ ಮ್ಯೂಟೆಕ್ಸ್ ಬಳಸಿದರೆ ಏನಾಗುತ್ತದೆಂಬುದಕ್ಕೆ ಥ್ರೆಡ್ಡುಗಳ ನಿಯಮ ಹೇಳುವ ಪಾಸಿಕ್ಸ್ ಮಾನದಂಡ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನೊಂದು ಥ್ರೆಡ್ ಹಳೆಯ ವಿಳಾಸದಲ್ಲಿಯೇ ಕಾಯುತ್ತಾ ಉಳಿಯಬಹುದು. ಕ್ಯೂ ಖಾಲಿಯಿದ್ದಾಗ ಅವರ ಟೇಲ್ ಪಾಯಿಂಟರ್ (ಸಾಲಿನ ಕೊನೆಯ ವಿಳಾಸ) ಅದೇ ಸ್ಟ್ರಕ್ಟಿನ, ಅಂದರೆ ಕ್ಯೂನ ವಿವರಗಳ ಕಟ್ಟಿನ, ಹೆಡ್‌ನತ್ತ ನೋಡುತ್ತದೆ. ಸರಿದ ಮೇಲೆ ಅದು ನೋಡುವುದು ಫ್ರೀ ಆದ, ಅಂದರೆ ಬಿಟ್ಟುಕೊಟ್ಟ, ಮೆಮೊರಿಯನ್ನು.

ಅರೇಯಲ್ಲಿ ಕ್ಯೂ ಬದಲು ಕ್ಯೂಗಳ ಪಾಯಿಂಟರ್ ಇಡಿ ಎಂದೆ. ಆಕೆ ಕೂಡಲೇ ಕೇಳಿದಳು: "ಹಾಗಾದರೆ ಫ್ರೀ ಮಾಡುವವರು ಯಾರು ಸರ್?" ಎಂಥ ಪ್ರಶ್ನೆ! ಒಂದು ಥ್ರೆಡ್ ಪಾಯಿಂಟರ್ ಪಡೆದು ಲಾಕ್ ಮಾಡುವಷ್ಟರಲ್ಲಿ ಇನ್ನೊಂದು ಆ ಕ್ಯೂವನ್ನೇ ಅಳಿಸಿಬಿಟ್ಟರೆ, ಲಾಕ್ ಕೂಡ ಅದರೊಂದಿಗೇ ಹೋಯಿತು. ತನ್ನ ಆಯುಸ್ಸನ್ನು ತಾನೇ ಕಾಯುವ ಶಕ್ತಿ ಲಾಕಿಗಿಲ್ಲ. ಹೊರಗಿನ ಅರೇಗೆ ಅದರದೇ ಲಾಕ್ ಬೇಕು. ಅದನ್ನು ಹಿಡಿದು ಕ್ಯೂ ಹುಡುಕಿ, ಬಳಕೆದಾರರ ಎಣಿಕೆ ಒಂದು ಹೆಚ್ಚಿಸಿ, ಹೊರಲಾಕ್ ಬಿಟ್ಟು, ಆಮೇಲೆ ಒಳಲಾಕ್ ಹಿಡಿಯಬೇಕು. ಅರೇಯನ್ನೂ ಒಬ್ಬ ಬಳಕೆದಾರನೆಂದು ಎಣಿಸಿ, ಎಣಿಕೆಯನ್ನು ಸೊನ್ನೆಗಿಳಿಸಿದವರು ಫ್ರೀ ಮಾಡಬೇಕು. ಹೊರಲಾಕ್ ಹಿಡಿದುಕೊಂಡೇ ಕಂಡಿಷನ್ ವೇರಿಯಬಲ್ (ಲೋಡು ಬಂತೆಂದು ಕಾಯುವ ಥ್ರೆಡ್ಡನ್ನು ಎಬ್ಬಿಸುವ ಸಾಧನ) ಮೇಲೆ ಕಾಯಲು ಕುಳಿತರೆ ಬಿಡುಗಡೆಯಾಗುವುದು ಒಳಗಿನ ಮ್ಯೂಟೆಕ್ಸ್ ಮಾತ್ರ. ಲೋಡು ತುಂಬಬೇಕಾದ ಥ್ರೆಡ್ ಹೊರಗೇ ನಿಲ್ಲುತ್ತದೆ, ಇಬ್ಬರೂ ಶಾಶ್ವತವಾಗಿ ಸಿಕ್ಕಿಬೀಳುತ್ತಾರೆ.

ಪಕ್ಕದಲ್ಲಿದ್ದ ಉಪನ್ಯಾಸಕರು "ಓಡುತ್ತಿದೆಯಲ್ಲ, ಬಿಡಿ" ಎಂದರು. ನನಗೆ ಸಿಟ್ಟು ಬಂದದ್ದು ಆಗ, ಇನ್ನೂ ಇಳಿದಿಲ್ಲ. ಡೆಮೊದಲ್ಲಿ ಬೆರಳೆಣಿಕೆಯ ಎಸ್ಟೇಟುಗಳಿದ್ದವು, ಅರೇ ಸರಿಯಲೇ ಇಲ್ಲ, ಓಡಿತು. ಸುಗ್ಗಿಯ ದಿನ ಲಾರಿಗಳು ಸಾಲುಗಟ್ಟಿದಾಗ ಓಡುತ್ತದೆಯೇ? ಇಡೀ ಪ್ರೋಗ್ರಾಮಿಗೆ ಒಂದೇ ದೊಡ್ಡ ಲಾಕ್ ಹಾಕಿದ್ದರೂ ನಾನು ಒಪ್ಪುತ್ತಿದ್ದೆ, ನಿಧಾನವಾದರೂ ಅದು ಪ್ರಾಮಾಣಿಕ ದಾರಿ. ಇಲ್ಲಿ ಇದ್ದದ್ದು ಸುಳ್ಳು ಧೈರ್ಯ.

ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿ ಇಂಥ ತಪ್ಪು ಹಿಡಿಯುವ ಥ್ರೆಡ್ ಸ್ಯಾನಿಟೈಸರ್ 2013ರಿಂದಲೇ ಇದೆ. ಕಂಪೈಲ್ ಮಾಡುವಾಗ ಒಂದು ಆಯ್ಕೆ ಸೇರಿಸಿದರೆ ಸಾಕು. ಎಸ್ಟೇಟ್ ಸೇರಿಸುವ ಥ್ರೆಡ್ಡೊಂದನ್ನು ಜೊತೆಗಿಟ್ಟು ಅವರದೇ ಲ್ಯಾಪ್‌ಟಾಪಿನಲ್ಲಿ ಓಡಿಸಿದೆವು, ಪರದೆ ತುಂಬ ಎಚ್ಚರಿಕೆಗಳು. ಮಕ್ಕಳ ಮುಖ ಸಪ್ಪೆಯಾಯಿತು. ನೋಡಿ ಸಂಕಟವಾಯಿತು, ಏಕೆಂದರೆ ತಪ್ಪು ಅವರದಲ್ಲ.

ಸ್ನೇಹಿತರಲ್ಲಿ ಲ್ಯಾಬ್ ನಡೆಸುವವರು ಹಲವರಿದ್ದೀರಿ. ಮೂರನೇ ಸೆಮಿಸ್ಟರಿನಲ್ಲಿ ಕ್ಯೂ ಬರೆಸುವಾಗಲೇ ಅದನ್ನು ಇನ್ನೊಂದರೊಳಗೆ ಇಟ್ಟು, ಅಳಿಸಿ, ಸರಿಸಿ ನೋಡುವಂತೆ ಮಾಡಿ. ಹಾಸನ ಜಿಲ್ಲೆಯ ಯಾವ ಕಾಲೇಜು ಕರೆದರೂ ನಾನು ಬರುತ್ತೇನೆ.