ಉಚಿತ ಚಿಕಿತ್ಸೆಗೆ ಒಂದು ದಿನದ ಕೂಲಿ

ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳುವುದಿಲ್ಲ, ಸರಿ. ಆದರೆ ಬಾಗಿಲು ತೆರೆಯುವುದು ಜನ ಕೆಲಸಕ್ಕೆ ಹೋದ ಮೇಲೆ, ಮುಚ್ಚುವುದು ಅವರು ವಾಪಸ್ ಬರುವ ಮೊದಲು. ದಿನಗೂಲಿಯವರು ಯಾವಾಗ ಬರಬೇಕು ಹೇಳಿ? ಬಂದರೆ ಅವತ್ತಿನ ದುಡಿಮೆ ಹೋಯಿತು.

ಮೊನ್ನೆ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿ ನಂಬರೇ ಅಳಿಸಿಹೋಗಿತ್ತು. ಬಿಪಿ ಮಾತ್ರೆ ಮುಗಿದು ನಾಲ್ಕು ದಿನ ಆಗಿತ್ತಂತೆ. ಎರಡು ಗಂಟೆ ಕಾದರು. ಅವರ ಸರದಿ ಬರುವ ಹೊತ್ತಿಗೆ ಮಾತ್ರೆ ಕೊಡುವ ಕಿಟಕಿ ಮುಚ್ಚಿತು. 'ನಾಳೆ ಬನ್ನಿ' ಅಂದರು. ಅವರು ಜಗಳ ಆಡಲಿಲ್ಲ. ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಸುಮ್ನೆ ಹೊರಟರು. ನನ್ನ ಕರುಳು ಚುರುಕ್ ಅಂದಿತು.

ಬಿಪಿ ಸದ್ದಿಲ್ಲದ ಕಾಯಿಲೆ. ಎಷ್ಟೋ ಜನರಿಗೆ ಅದು ಇರುವುದು ಗೊತ್ತಾಗುವುದೇ ಪಾರ್ಶ್ವವಾಯು ಹೊಡೆದಾಗ. ದಿನಾ ಮಾತ್ರೆ ನುಂಗಲೇಬೇಕಾದವರಿಗೆ ಹತ್ತೇ ದಿನದ್ದು ಕೊಟ್ಟು ಮತ್ತೆ ಮತ್ತೆ ಯಾಕೆ ಓಡಾಡಿಸಬೇಕು? ಬಿಪಿ ಹತೋಟಿಯಲ್ಲಿ ಇರುವವರಿಗೆ ಎರಡು ಮೂರು ತಿಂಗಳಿನದ್ದು ಒಟ್ಟಿಗೆ ಕೊಡಬಹುದು, ಅಲ್ವಾ? ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದಕ್ಕೆ ಡಾಕ್ಟರೇ ಬೇಕಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಮನೆ ಹತ್ತಿರವೇ ನೋಡಬಹುದು.

ಆರೋಗ್ಯ ಸೇವೆ ಜನ ಬದುಕುವ, ದುಡಿಯುವ ಜಾಗಕ್ಕೆ ಆದಷ್ಟು ಹತ್ತಿರ ಇರಬೇಕು ಅಂತ 1978ರಲ್ಲೇ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ನಗರದಲ್ಲಿ ನಡೆದ ಆರೋಗ್ಯ ಸಮ್ಮೇಳನದಲ್ಲಿ ಎಷ್ಟೋ ದೇಶಗಳು ಸೇರಿ ಒಪ್ಪಿಕೊಂಡಿದ್ದವು. ನಾನು ಜಾಸ್ತಿ ಏನೂ ಕೇಳುತ್ತಿಲ್ಲ. ವಾರಕ್ಕೆ ಎರಡು ಸಂಜೆ ಆ ಕಿಟಕಿ ತೆರೆದಿರಲಿ.