‘ಕೈಗೊಂಬೆ’ ಎಂದು ಬೈಯಬಹುದೇ?

ಪರ

ಬೈಯಬಹುದು, ಬೈಯಲೇಬೇಕು. ಕಾಸರಗೋಡಿನ ಚಹಾದಂಗಡಿಯಲ್ಲಿ ಎರಡು ಭಾಷೆಯ ಪೇಪರು ಓದುವವರಿಗೆ ಗೊತ್ತು: ಕನ್ನಡದಲ್ಲಿ ‘ಕೈಗೊಂಬೆ ಸರ್ಕಾರ’, ಮಲಯಾಳದಲ್ಲಿ ‘ಪಾವ ಸರ್ಕಾರ್’. 1931-32ರಲ್ಲಿ ಜಪಾನು ಚೀನಾದ ಮಂಚೂರಿಯಾವನ್ನು ನುಂಗಿ, ಮಂಚುಕುವೊ ಎಂಬ ದೇಶ ಕಟ್ಟಿ, ಪಟ್ಟ ಕಳೆದುಕೊಂಡಿದ್ದ ಚೀನಾದ ಕೊನೆಯ ಚಕ್ರವರ್ತಿ ಪು ಯಿಯನ್ನು ಅದರ ಮುಂದೆ ಕೂರಿಸಿತು. ಇಂಥದ್ದನ್ನು ಒಂದೇ ಮಾತಿನಲ್ಲಿ ಬಯಲಿಗೆಳೆಯುವ ಬೇರೆ ಪದ ಯಾವುದಿದೆ?

ಇದು ಇಂಗ್ಲಿಷಿನಿಂದ ತಂದ ಸಾಲವೆಂದು ತಿಳಿಯುವುದೂ ಬೇಡ. ವನಪರ್ವದಲ್ಲಿ ದ್ರೌಪದಿ ಧರ್ಮರಾಯನೆದುರು ಕುದಿಯುತ್ತ, ಮರದ ಬೊಂಬೆಯ ಅಂಗಾಂಗ ಆಡಿಸುವ ಹಾಗೆ ವಿಧಾತ ಜೀವಿಗಳನ್ನು ಆಡಿಸುತ್ತಾನೆ ಎನ್ನುತ್ತಾಳೆ. ಅನ್ಯಾಯ ಉಂಡವಳ ಬಾಯಲ್ಲಿ ಬಂದ ಹೋಲಿಕೆ ಅದು. ಹರಿತ ಕಡಿಮೆ ಮಾಡಲು ನಾವು ಯಾರು?

ವಿರೋಧ

ಪಂಚಾಯತಿಗೆ ಗೆದ್ದ ಹೆಂಗಸನ್ನು ‘ಗಂಡನ ಕೈಗೊಂಬೆ’ ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೆ! ದಾರ ಎಳೆದವನು ಗಂಡ, ಹೆಸರು ಕೆಟ್ಟದ್ದು ಅವಳದು. ನನ್ನ ತಕರಾರು ಇಲ್ಲಿಂದಲೇ ಶುರು.

‘ಕಣ್ಣ ಪಾಪೆಯಂತೆ ಸಾಕಿದ ಮಗಳು’ ಎನ್ನುತ್ತೇವಲ್ಲ, ಆ ಪಾಪೆ ಎಂದರೂ ಗೊಂಬೆಯೇ. ಮಲಯಾಳದ ಪಾವ, ತಮಿಳಿನ ಪಾವೈ ಅದರ ಒಡಹುಟ್ಟುಗಳು. ಹತ್ತಿರ ನಿಂತವರ ಕಣ್ಣೊಳಗೆ ನಮ್ಮದೇ ಪುಟ್ಟ ರೂಪ ಕಾಣುತ್ತದೆ. ಹಿರಿಯರು ಅದನ್ನು ಗೊಂಬೆ ಎಂದು ಕರೆದರು. ದೂರದ ಲ್ಯಾಟಿನ್‌ನವರೂ ಹಾಗೇ ಕಂಡರು ಎಂಬುದು ನನಗೆ ಇವತ್ತಿಗೂ ಬೆರಗು. ಅವರ ‘ಪೂಪ’ ಎಂದರೆ ಹುಡುಗಿ, ಗೊಂಬೆ. ಅದರಿಂದಲೇ ಇಂಗ್ಲಿಷಿನ ‘ಪಪೆಟ್’, ಅದರಿಂದಲೇ ಕಣ್ಣಿನ ‘ಪ್ಯೂಪಿಲ್’. ಸಂಸ್ಕೃತದ ‘ಪುತ್ರಿಕಾ’ ಮಗಳೂ ಹೌದು, ಗೊಂಬೆಯೂ ಹೌದು. ಎಲ್ಲ ಕಡೆಯೂ ಮಗುವನ್ನು ಕರೆಯುವ ಬಾಯಲ್ಲೇ ಹುಟ್ಟಿದ ಪದ, ಬೈಗುಳವಾದದ್ದು ಆಮೇಲೆ.

ಇನ್ನು ‘ಎಳೆದ ಹಾಗೆ ಕುಣಿಯುತ್ತದೆ’ ಎಂಬ ಮಾತು. ನಮ್ಮೂರ ಯಕ್ಷಗಾನ ಬೊಂಬೆಯಾಟ ಕಂಡವರು ಇದನ್ನು ಒಪ್ಪಲಾರರು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಕಿರೀಟ ತೊಟ್ಟ ಆ ಮರದ ಮೈಗೆ ತನ್ನದೇ ತೂಕವಿದೆ, ತೂಗುವ ರೀತಿಯಿದೆ. ಭಾಗವತರ ಪದಕ್ಕೆ, ಚೆಂಡೆ ಮದ್ದಳೆಗೆ ಹೆಜ್ಜೆ ಕೂಡಬೇಕಾದರೆ ಆಡಿಸುವವರ ಬೆರಳು ಗೊಂಬೆಯ ಮಾತು ಕೇಳಬೇಕು. ಬರೇ ಎಳೆಯುವವನ ಕೈಯಲ್ಲಿ ಭೀಮ ಕುಣಿಯುವುದಿಲ್ಲ, ನೇತಾಡುತ್ತಾನೆ.